ಮುಚ್ಚಳ

ಮೇ ತಿಂಗಳ ಬೀದರಿನಲ್ಲಿ ಐಸಿಗೂ ಅವಸರ.
ಗಾಂಧಿ ಗಂಜಿನ ಸೋಡಾ ಅಂಗಡಿಯಿಂದ ಗೋಣಿಯಲ್ಲಿ ಸುತ್ತಿ
ಝರೆಪ್ಪ ಸೈಕಲ್ಲಿನ ಮೇಲೆ ತರುವಷ್ಟರಲ್ಲಿ
ಕಾಲು ಭಾಗ ರಸ್ತೆಯ ಪಾಲು.
ಉಳಿದದ್ದನ್ನು ಕುಟ್ಟಿ ತಟ್ಟೆಯಲ್ಲಿ ಹರಡಿ
ನಾನು ಕೈಗವಸು ತೊಡುತ್ತೇನೆ.

ಇವತ್ತು ನಾಲ್ಕು ಇಲಿ.
ಪೂರ್ತಿ ಮಂಪರು ಕವಿದ ಮೇಲೆ ಎದೆ ತೆರೆದು
ಪುಟ್ಟ ಗುಂಡಿಗೆಯ ಎಡಗೋಣೆಗೆ ಸೂಜಿ:
ತಣ್ಣನೆಯ ಉಪ್ಪುನೀರು ಒಳಗೆ, ರಕ್ತ ಹೊರಗೆ.
ಕಂದು ಯಕೃತ್ತು ನೋಡನೋಡುತ್ತ
ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ಬರುತ್ತದೆ.
ಆಗ ತಿಳಿಯಬೇಕು, ಮಿದುಳಿನ ಓಣಿಗಳೂ ಖಾಲಿ.
ಇನ್ನು ಅಲ್ಲಿ ಸಿಗುವವರು ಹಾದುಹೋಗುವವರಲ್ಲ,
ಆ ಮನೆಯವರೇ.

ಕತ್ತಿನಿಂದ ಮೂಗಿನವರೆಗೆ ಎರಡೂ ಬದಿಗೆ ಕತ್ತರಿ.
ಬುರುಡೆಯ ಮುಚ್ಚಳ ಕಳಚುತ್ತದೆ,
ಒಡೆದ ಶೇಂಗಾ ಸಿಪ್ಪೆಯಷ್ಟು ಹಗುರ.
ಮೊದಲ ಎರಡು ತಿಂಗಳು ಅದನ್ನು
ಹಳದಿ ಚೀಲಕ್ಕೆ ಎಸೆಯುತ್ತಿದ್ದೆ.
ಮಿದುಳು ಬೇಕಾದವಳಿಗೆ ಮುಚ್ಚಳ ಯಾಕೆ?

ಕಮಠಾಣೆ ಮೇಡಂ ಒಂದು ಸಂಜೆ ಚೀಲದೊಳಗೆ ಇಣುಕಿದರು.
ಬೈಯಲಿಲ್ಲ.
ಇಕ್ಕಳದಿಂದ ಒಂದನ್ನೆತ್ತಿ, ಅಂಗಾತ ಮಾಡಿ,
ಸೂಕ್ಷ್ಮದರ್ಶಕದ ಅಡಿ ಇಟ್ಟು "ನೋಡು" ಅಂದರು.
ಎಲುಬಿಗೆ ಅಂಟಿದ ಒಂದು ಪೊರೆ,
ಕಾದ ಹಾಲು ಆರತೊಡಗಿದಾಗಿನ ಮೊದಲ ಕೆನೆಗಿಂತ ತೆಳು,
ರಕ್ತ ಹೋದರೂ ಹಾದಿ ಉಳಿದ ಗೀಟು ಅದರ ನಡುವೆ.
"ಕಾವಲಿನ ಅರ್ಧ ಠಾಣೆ ಇಲ್ಲೇ ಇತ್ತಲ್ಲ."

ಮಿದುಳಿಗೆ ಮೂರು ಪೊರೆ ಎಂದು ಓದಿದವರೆಲ್ಲ
ನಮ್ಮ ಕೋಟೆಯ ಮೂರು ಸುತ್ತಿನ ಕಂದಕ ನೆನೆಯುತ್ತಾರೆ.
ಸೆಮಿನಾರಿನಲ್ಲಿ ನಾನೂ ಅದೇ ಚಿತ್ರ ಹಾಕಿದ್ದೆ,
ಚಪ್ಪಾಳೆಯೂ ಬಿತ್ತು.
ಈಗ ಹಾಕುವುದಿಲ್ಲ.
ಕಂದಕಕ್ಕೆ ತಡೆಯುವುದೊಂದೇ ಗೊತ್ತು.
ಈ ಪೊರೆಯೊಳಗೆ ಒಸರಿದೆ,
ಒಳಗಿನ ಕೊಳೆ ಹೊತ್ತು ಹೊರಗೊಯ್ಯುವ ಕಾಲುವೆ ಇದೆ,
ದಂಡೆಯಲ್ಲಿ ಕೂತು ಹರಿವಿನ ರುಚಿ ನೋಡುವ ಕೋಶಗಳಿವೆ.
ನೌಬಾದಿನ ನೆಲದಡಿಯ ಸುರಂಗಬಾವಿಯ ಹಾಗೆ.
ಮೇಲೆ ಹೊಲ, ಬಸ್ಸು, ಮೇಕೆ.
ಇದೆ ಎಂದು ಯಾರೂ ಹೇಳದಿದ್ದರೆ
ಇಲ್ಲ ಎಂದೇ ಎಷ್ಟು ತಲೆಮಾರು ಬದುಕಬಹುದು!

ಪೊರೆ ಬಿಡಿಸುವುದು ಉಸಿರು ಹಿಡಿದ ಕೆಲಸ.
ಅಂಚು ಹಿಡಿ, ಎಳೆಯಬೇಡ, ಅದೇ ಬರಲಿ.
ನಾಲ್ಕರಲ್ಲಿ ಒಂದು ಹರಿದೇ ಹರಿಯುತ್ತದೆ.
ಆಮೇಲೆ ಕಿಣ್ವದಲ್ಲಿ ಅರ್ಧ ಗಂಟೆ, ಮೈಬಿಸಿಯಲ್ಲಿ
(ಅಷ್ಟರಲ್ಲಿ ಕರೆಂಟು ಹೋಗದಿದ್ದರೆ
ಅದು ಮೈಲಾರ ಮಲ್ಲಣ್ಣನ ಕೃಪೆ).
ಮಿದುಳಿಗೂ ಬೇರೆ ಕೊಳವೆಯಲ್ಲಿ ಅದೇ ಪಾಡು.
ಜರಡಿ. ಗರಗರ ಸುತ್ತುವ ಯಂತ್ರ.
ಮಿದುಳಿನ ಕೊಬ್ಬು ಬೆಳ್ಳಗೆ ಮೇಲೆ ತೇಲುತ್ತದೆ.
ಹೆದರಿಕೆ, ಹಾದಿಯ ಗುರುತು, ಏನೇನಿತ್ತೋ ಅದರಲ್ಲಿ,
ಹೀರಿ ಚೆಲ್ಲುತ್ತೇನೆ.
ತಳದಲ್ಲಿ ಕಂಡೂ ಕಾಣದ ಒಂದು ಮಬ್ಬು.
ಅದಕ್ಕಾಗಿಯೇ ಇಷ್ಟೆಲ್ಲ.

"ಏನ್ ಹುಡುಕ್ಲತ್ತೀರಿ ಮೇಡಂ, ಸತ್ತದ್ರಾಗ?"
ಬಾಗಿಲಲ್ಲಿ ಝರೆಪ್ಪ.
ಪ್ರತಿ ಇಲಿಯ ಕಿವಿಯ ಕಚ್ಚು ನೆನಪಿಟ್ಟವನು,
ಪ್ರಯೋಗ ಕೆಡುತ್ತದೆ ಮಾರಾಯ ಅಂದರೂ ಕೇಳದೆ
ತನ್ನ ಬುತ್ತಿಯ ರೊಟ್ಟಿ ಮುರಿದು ಹಾಕುವವನು.

ನೀಲಿ ಬಣ್ಣದ ಒಂದು ಹನಿ ಬೆರೆಸಿ
ಅವನನ್ನೇ ಕರೆದು ಕೂರಿಸಿದೆ.
ನೀಲಿಯಾದದ್ದು ಸತ್ತದ್ದು, ಅಂದೆ.
ಬಣ್ಣ ಬಂದು ಕದ ತಟ್ಟಿದರೂ
ತೆಗೆಯದೆ ಇರುವುದು ಇನ್ನೂ ಜೀವಂತ.
ತುಂಬ ಹೊತ್ತು ನೋಡಿದ. ತಿರುಪು ಮುಟ್ಟಲಿಲ್ಲ.
"ಬೆಳ್ಳಗಿನ್ವೇ ಭಾಳ ಅವ ನೋಡ್ರಿ," ಅಂದ.
ಆಮೇಲೆ, ಕಣ್ಣು ತೆಗೆಯದೆ,
"ಮಾಲಕ ಹೋದ ಅಂತ ಇವುಕ್ಕ
ಯಾರೂ ಹೇಳಿಲ್ಲೇನ್ರಿ ಇನ್ನಾ?"

ನಾನು ಎಣಿಸುವ ಗುಂಡಿ ಒತ್ತುತ್ತ ಕೂತೆ.
ನೂರಾ ಹನ್ನೆರಡು. ನೂರಾ ಹದಿಮೂರು.
ಹೈದರಾಬಾದಿನ ಬಸ್ಸಿಗೆ ಇನ್ನೂ ಐವತ್ತು ನಿಮಿಷ,
ಥರ್ಮಾಕೋಲ್ ಡಬ್ಬಿಯ ತಳದಲ್ಲಿ ಆಗಲೇ ನೀರು.
ಹೊರಗೆ ಸೈಕಲ್ಲಿನ ಸ್ಟ್ಯಾಂಡು ಒದ್ದ ಸದ್ದು.
ನಾನು ಹೇಳಿರಲಿಲ್ಲ,
ಗೋಣಿ ಹೆಗಲಿಗೆ ಹಾಕಿಕೊಂಡು
ಝರೆಪ್ಪ ಮತ್ತೆ ಐಸಿಗೆ ಹೊರಟಿದ್ದ.