ಕಪನೂರಿನಲ್ಲಿ ಐದು ಮಂದಿ

ಮೊದಲ ನಿಯಮ: ನಾನು ಬಾಯಿ ಬಿಡಬಾರದು.
ಎರಡನೆಯದು: ಕೈ ತೋರಿಸಲೇಬಾರದು.
ಹಿಂದೆ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಹಾಳೆ, ಅಂಗೈಯಲ್ಲಿ ಸ್ಟಾಪ್‌ವಾಚು,
ಬೆರಳು ಎಲ್ಲಿ ಅಳುಕಿತು, ಅಷ್ಟನ್ನೇ ಬರೆದುಕೊಳ್ಳಬೇಕು.

ಕಪನೂರಿನ ದಾಲ್‌ಮಿಲ್ಲು. ಹತ್ತು ಗಂಟೆಗೇ ತಗಡು ಕಾದಿದೆ.
ಹೊಸ ಯಂತ್ರ: ಕರೆ ಹಿಡಿದ ತೊಗರಿಬೇಳೆಯನ್ನು
ಗಾಜಿನ ಕಣ್ಣಲ್ಲಿ ಕಂಡು ಊದಿ ಎಸೆಯುತ್ತದೆ.
ನಿನ್ನೆಯವರೆಗೆ ಅದು ಇವರ ಕೈಕೆಲಸ.
ಯಂತ್ರದ ಮುಖದ ಮೇಲೆ ಒಂಬತ್ತು ಚಿತ್ರ, ಒಂದು ದೀಪ.
ಚಿತ್ರ ಬರೆದವರಲ್ಲಿ ನಾನೂ ಒಬ್ಬಳು.
ಅದನ್ನು ಹೇಳಬಾರದು; ಮೂರನೆಯ ನಿಯಮ.

ಮಲ್ಕಮ್ಮ ಬಂದಳು, ಸೆರಗಿಗೆ ಕೈ ಒರೆಸುತ್ತ.
“ನಂದು ಪರೀಕ್ಷಾ ಏನ್ರೀ ಇದು?”
ಅಲ್ಲ, ಮಷೀನಿಂದು, ಅಂದೆ. ಇಷ್ಟಕ್ಕೆ ಅನುಮತಿಯಿದೆ.
“ಫೇಲಾದ್ರ ಯಾರನ್ನ ತೆಗೀತಾರ? ಅದನ್ನೋ, ನನ್ನೋ?”
ಈ ಪ್ರಶ್ನೆಗೆ ಹಾಳೆಯಲ್ಲಿ ಮನೆ ಹಾಕಿರಲಿಲ್ಲ.

ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತ ಮಾಡಿ
ಎನ್ನುವುದು ಪದ್ಧತಿ. ಹೇಳಿದಳು:
“ಇದು ಜರಡಿ. ಇದು ತೂತು ಬಿದ್ದ ರೊಟ್ಟಿ.
ಇದು... ಗೊತ್ತಿಲ್ಲ ಬಿಡ್ರಿ.
ಕೆಂಪು ದೀಪ ಹತ್ತ್ಯದ. ಛಲೋ ಆತು, ಕರೆಂಟ್ ಬಂದದ.”
ಬುಟ್ಟಿ ಎತ್ತಿ ಸುರಿದೇಬಿಟ್ಟಳು.

ತುಟಿ ಕಚ್ಚಿಕೊಂಡೆ. ಕೆಂಪೆಂದರೆ ನಿಲ್ಲು.
ಹಾಗೆ ಅಂದುಕೊಂಡು, ಹಾಗೇ ಬರೆದು, ಸಹಿ ಹಾಕಿದ್ದೆವು.
ಗಂಟಲುಮಟ್ಟ ತುಂಬಿಕೊಂಡು ಯಂತ್ರ ಗಕ್ಕನೆ ನಿಂತಿತು.
ಒಂದು ನಿಮಿಷ ನಲವತ್ತು ಸೆಕೆಂಡು.
‘ತಪ್ಪು’ ಎಂಬ ಮನೆಯಲ್ಲಿ ಒಂದು ಗೀಟು.

ಖಾಜಾಬಿಯೂ ಸುರಿದಳು. ಭಾಗಮ್ಮ ಸುರಿದಳು.
ನಗುಬಾಯಿ ದೀಪಕ್ಕೆ ಕೈಮುಗಿದು ಸುರಿದಳು.
ಐದನೆಯವಳು, ಹೆಸರು ಬರೆದುಕೊಳ್ಳಲಿಲ್ಲ, ನಗುತ್ತ ಸುರಿದಳು.
ನಾಲ್ಕು ಗೀಟು, ಅಡ್ಡಕ್ಕೊಂದು.

ಆಮೇಲೆ ಕತ್ತೆತ್ತಿದೆ. ಗೋಡೆಯ ಮೇಲೆ
ಮಿಲ್ಲಿನ ಹಳೇ ಸ್ವಿಚ್‌ಬೋರ್ಡು, ಹೊಟ್ಟಿನ ಧೂಳು ಕೂತಿದ್ದು:
ಕೆಂಪು, ಹಳದಿ, ನೀಲಿ ಮೂರು ದೀಪ.
ಮೂರರಲ್ಲಿ ಮೊದಲು ನೋಡುವುದು ಕೆಂಪನ್ನೇ.
ಅದು ಉರಿದರೆ ಪಟ್ಟಾ ತಿರುಗುತ್ತದೆ, ಕೂಲಿ ಬರುತ್ತದೆ.
ಆರಿದರೆ ಡಬ್ಬಿ ಎತ್ತಿಕೊಂಡು ಮನೆಗೆ.
ನಾನು ಅದರ ಕೆಳಗೇ ಕೂತಿದ್ದೆ, ಬೆಳಗಿನಿಂದ.

ಐದು ಗೀಟನ್ನೂ ಅಳಿಸಲಿಲ್ಲ.
ಮನೆಯ ಹೆಸರು ಹೊಡೆದು ‘ನಮ್ಮದು’ ಎಂದು ಬರೆದೆ.

“ಪಾಸಾತೇನ್ರೀ ನಿಮ್ಮ ಮಷೀನು?” ಬುತ್ತಿ ಬಿಚ್ಚುತ್ತ ಮಲ್ಕಮ್ಮ.
ನಿಯಮ ಮುಗಿದಿತ್ತು. ಇಲ್ಲ, ಅಂದೆ.
“ಪಾಪ, ಹೊಸಾದು. ಕಲೀತದ ಬಿಡ್ರಿ.”

ಅಂಗೈಯಲ್ಲಿ ಸ್ಟಾಪ್‌ವಾಚು ಇನ್ನೂ ಓಡುತ್ತಿತ್ತು.
ಅದರ ಗುಂಡಿ ಕೆಂಪು.
ಒತ್ತಿದರೆ ಹೊರಡುತ್ತದೆ.