ಹೆಚ್ಚಾದ ಎಡತೋಳು

ಅಮ್ಮತ್ತಿ ಪೇಟೆಯಲ್ಲಿ ಮೊಯ್ದು ಕತ್ತರಿ ಹಿಡಿದರೆ
ನೆಲಕ್ಕೆ ಬೀಳುವುದೆಲ್ಲ ನನ್ನ ಪಾಲು.
ನಾಲ್ಕಕ್ಕೆ ಅಂಗನವಾಡಿಯ ಬೀಗ ಹಾಕಿ
ಅವನ ಮೆಷಿನ್ ಕೆಳಗೆ ಬಗ್ಗಿ
ಕೋಳಿಯ ಹಾಗೆ ಕೆದಕುತ್ತೇನೆ.
‘ಟೀಚರೇ, ಅದು ಕಸ’ ಅನ್ನುತ್ತಾನೆ.
ಕಸವೇ ಸರಿ. ಆದರೆ ಎಂಥಾ ಕಸ!

ಮದುಮಗನ ಬಿಳಿ ಕುಪ್ಯದ
ಕಂಕುಳಿಂದ ಜಾರಿದ ಅರ್ಧಚಂದ್ರ,
ಕಾನ್ವೆಂಟ್ ಲಂಗದ ನೀಲಿ,
ಹೋಂಗಾರ್ಡ್ ಪ್ಯಾಂಟಿನ ಖಾಕಿ, ಮೂಗಿನಂತೆ ಚೂಪು,
ಬೆರಳಗಲ ಕೆಂಪು ರೇಷ್ಮೆ,
ನರ್ಸಮ್ಮನ ರವಿಕೆಯ ಹಸಿರು;
ಅದರೊಳಗೆ ಒಂದೂವರೆ ಗಿಳಿ.
(ಉಳಿದರ್ಧ ಗಿಳಿ
ಈಗ ಅವರ ಬೆನ್ನ ಮೇಲೆ ಆಸ್ಪತ್ರೆಗೆ ಹೋಗಿಬರುತ್ತದೆ.)

ನೀಲವ್ವ ನಮ್ಮ ಸಹಾಯಕಿ, ರೋಣದ ಕಡೆಯವಳು.
ಒಂದು ಕಾಫಿ ಕೊಯ್ಲಿಗೆಂದು ಬಂದವಳು
ಹನ್ನೊಂದು ಕೊಯ್ಲು ಕಂಡಳು.
ಕೌದಿ ಕಲಿಸುವುದೂ ಅವಳೇ, ಬೈಯುವುದೂ ಅವಳೇ:
‘ಏನ್ರೀ ಟೀಚರ್, ಹೊಲೀತೀರೋ
ಬಟ್ಟಿಗೆ ಇಂಜೆಕ್ಷನ್ ಕೊಡ್ತೀರೋ?
ಅಂಚಿನಿಂದ ಒಳಗ ಹೋಗ್ರಿ,
ಮನಿಗೆ ಹೋದಂಗ.’

ನಾನೋ, ಸ್ಕೇಲು ಹಿಡಿದು ಚೌಕ ಕತ್ತರಿಸುತ್ತಿದ್ದೆ,
ನೀಲಿಯ ಪಕ್ಕ ನೀಲಿ ಬಾರದಂತೆ ಲೆಕ್ಕ ಹಾಕುತ್ತಿದ್ದೆ.
ತಿಂಗಳ ವರದಿಯ ಚಟ ಅದು:
ತೂಕ, ಎತ್ತರ, ಮೊಟ್ಟೆ ಎಷ್ಟು, ಬೇಳೆ ಎಷ್ಟು.
ಅವಳು ಸ್ಕೇಲು ಕಿತ್ತುಕೊಂಡು
ಬೆನ್ನು ತುರಿಸಿಕೊಂಡಳು.

ಆಮೇಲೆ ತಿಳಿಯಿತು,
ಸೊಟ್ಟ ಚೂರಿಗೆ ಸೊಟ್ಟ ಚೂರೇ ನಂಟ.
ಖಾಕಿ ಮೂಗು ಗಿಳಿಯ ಬಾಲಕ್ಕೆ ತಾಗಿದ್ದೇ ತಡ
ನನ್ನೊಳಗೆ ಏನೋ ಕಿಸಕ್ಕೆಂದಿತು.
ಇಂಥ ನಗು
ಚಿಕ್ಕಂದಿನಲ್ಲಿ ಪ್ರಾರ್ಥನೆಯ ನಡುವೆ ಬರುತ್ತಿತ್ತು,
ಏಟು ತಿನ್ನಿಸುತ್ತಿತ್ತು.
ನಲವತ್ತಾರಕ್ಕೆ ಮತ್ತೆ ಬಂತು.
ಹೊಡೆಯಲು ಯಾರೂ ಇರಲಿಲ್ಲ.

ಒಂದು ಸಂಜೆ ಮೊಯ್ದು ಮುಖ ಎತ್ತಲಿಲ್ಲ.
ಯಾವುದೋ ಸಾಹುಕಾರರ ಕೋಟು, ಬೂದು ಉಣ್ಣೆ,
ಎರಡಕ್ಕೂ ಎಡತೋಳೇ ಕತ್ತರಿಸಿ
ಅಸ್ತರು ಕೊಟ್ಟು, ಗುಂಡಿ ಹಚ್ಚಿ
ತೊಡಿಸುವಾಗ ನೋಡಿದ್ದಾನೆ.
‘ಮೂವತ್ತು ವರ್ಷಕ್ಕೆ ಒಂದೇ ಸಲ, ಟೀಚರೇ.
ಯಾರಿಗೂ ಹೇಳಬೇಡಿ.’
ಹೆಚ್ಚಾದ ತೋಳನ್ನು ಕಾಗದದಲ್ಲಿ ಸುತ್ತಿ ಕೊಟ್ಟ,
ಹೆಣವೋ ಎಂಬಂತೆ.

ನೀಲವ್ವ ಅದರೊಳಗೆ ಕೈ ತೂರಿಸಿದಳು,
ತೆಗೆದಳು, ಮತ್ತೆ ತೂರಿಸಿದಳು.
‘ಇದಕ್ಕ ಕತ್ತರಿ ಹಾಕಿದ್ರ ಪಾಪ ಬರ್ತದ.’
ಹಾಗೇ ಇಡಿಯಾಗಿ ಹಚ್ಚಿದೆವು, ಕೌದಿಯ ನಟ್ಟನಡುವೆ,
ಮೇಲೂ ಬಾಯಿ, ಕೆಳಗೂ ಬಾಯಿ, ಮೂರು ಗುಂಡಿ.
ಕಡೆಯ ಮೂಲೆ ಮುಚ್ಚುವ ಮುಂಚೆ
ಅವಳು ಚಿಟಿಕೆ ಅಕ್ಕಿ ಒಳಗಿಟ್ಟಳು.
ಹಸಿದ ಕೌದಿ ನಿದ್ದೆ ಕೊಡುವುದಿಲ್ಲವಂತೆ.
ನಾನು ಕದ್ದು ಒಂದು ಕಾಫಿ ಬೀಜ ಹಾಕಿದೆ.
ತಪ್ಪೇ ಇರಬೇಕು. ಇರಲಿ.

ಜನವರಿ. ಅಪ್ಪ ಅಮ್ಮಂದಿರೆಲ್ಲ ಕೊಯ್ಲಿಗೆ.
ಮಧ್ಯಾಹ್ನವೂ ಸಿಮೆಂಟು ನೆಲ ಮೀನಿನಷ್ಟು ತಣ್ಣಗೆ.
ಮಕ್ಕಳು ಕೌದಿಯ ಮೇಲೆ ಬಿದ್ದು ಜಾಗ ಹಂಚಿಕೊಂಡರು:
ಸೆಲ್ವಿಗೆ ಗಿಳಿ, ರೂಬೆಲ್‌ಗೆ ಪೊಲೀಸು.
ಬಿಳಿ ಚಂದ್ರನಿಗಾಗಿ ಜಗಳವಾಡಿ ಇಬ್ಬರು ಅತ್ತರು.

ಚೋಮಿ ಮಾತ್ರ ಯಾವತ್ತೂ ಮಲಗದವಳು,
ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ನಿಲ್ಲುವವಳು,
ಮೆಲ್ಲಗೆ ಬಂದಳು.
ಬೂದು ತೋಳಿನೊಳಗೆ ಕೈಯಿಟ್ಟಳು, ಭುಜದವರೆಗೆ.
ಏನು ಸಿಕ್ಕಿತೋ ಅಲ್ಲಿ,
ನಾನು ಹಾಜರಿ ಬರೆದು ತಲೆ ಎತ್ತುವಷ್ಟರಲ್ಲಿ
ಬಾಯಿ ತೆರೆದು ನಿದ್ದೆ.

ಮರುದಿನ ಊಟದ ಹೊತ್ತಿಗೆ ಅಂಗಡಿ ಬಿಟ್ಟು
ಮೊಯ್ದು ಬಂದು ಬಾಗಿಲಲ್ಲಿ ನಿಂತ.
ಚಪ್ಪಲಿ ಬಿಟ್ಟ, ಒಳಗೆ ಬರಲಿಲ್ಲ.
ತನ್ನ ತಪ್ಪು ಉಸಿರಾಡುವುದನ್ನು
ಬಹಳ ಹೊತ್ತು ನೋಡಿದ.
ಕೊರಳ ಟೇಪಿಗೆ ಕೈ ತಾನಾಗಿ ಹೋಯಿತು.
‘ಉದ್ದ ಜಾಸ್ತಿಯಾಯಿತು’ ಎಂದ, ಪಿಸುದನಿಯಲ್ಲಿ.

‘ಬೆಳಿಯೋ ಹುಡುಗಿ, ಇರಲಿ ಬಿಡ್ರಿ’ ಎಂದಳು ನೀಲವ್ವ,
ಇನ್ನೊಂದು ಕೌದಿಯಿಂದ ಕಣ್ಣೆತ್ತದೆ.