ಒಂದು ಉದ್ದ, ಒಂದು ಗಿಡ್ಡ

ಚರ್ಚಿನ ಹಳೇ ಸಾಮಾನಿನ ಮೇಜಿನಲ್ಲಿ,
ತುಕ್ಕು ಹಿಡಿದ ಕೇಕಿನ ಅಚ್ಚು, ಒಂಟಿ ಸ್ಕೇಟಿಂಗ್ ಬೂಟು,
ಇವುಗಳ ನಡುವೆ ಎರಡು ಡಾಲರಿಗೆ ಸಿಕ್ಕಿತು
ಬೆನ್ನು ಮುರಿದ, ಡ್ರ್ಯಾಗನ್ ಮುಖದ ನಿಯಮಪುಸ್ತಕ;
ಜೊತೆಗೆ ಕಾಲುಚೀಲದಲ್ಲಿ ಗಂಟು ಕಟ್ಟಿದ ಆರು ದಾಳ.

"ನಾಲ್ಕು ಜನ ಬೇಕಲ್ಲ ಡಾರ್ಲೀನ್, ಇದಕ್ಕೆ"
ಅಂದರು ಚಿಲ್ಲರೆ ಎಣಿಸುತ್ತ ಮಿಸೆಸ್ ವಾಂಡರ್ಟೀ.
ಗೊತ್ತು. ನನ್ನ ಪಾಳಿಗೂ ಮುಂಚೆ ಇಬ್ಬರಿರುತ್ತಿದ್ದರು.

ಸ್ಟರ್ಜನ್ ಬೇಯ ಎತ್ತುವ ಸೇತುವೆಯ ಮೇಲೆ
ಗಾಜಿನ ಗೂಡಿನಲ್ಲಿ ನನ್ನ ರಾತ್ರಿ.
ಹಡಗು ಕೇಳುತ್ತದೆ: ಒಂದು ಉದ್ದ, ಒಂದು ಗಿಡ್ಡ.
ನಾನೂ ಹಾಗೇ ಊದಿದರೆ, ಆಗಲಿ, ಬಾ.
ಐದು ಗಿಡ್ಡ ಊದಿದರೆ, ಇಲ್ಲ, ನಿಲ್ಲು.
ಹತ್ತೊಂಬತ್ತು ವರ್ಷದಿಂದ
ಎರಡೇ ಮಾತು ಕಲಿತ ಬಾಯಿ.

ಮೊದಲ ವಾರ ಏನೂ ಬರಲಿಲ್ಲ.
ಗುಹೆ ಬರೆದೆ. ಒಳಗೆ ಏನಿದೆಯೆಂದು
ಬರೆದವಳಿಗೆ ಗೊತ್ತಿರದೆ ಇರುತ್ತದೆಯೇ?
ಹಳ್ಳ ತೋಡಿದವಳೂ ನಾನೇ, ಬೀಳಬೇಕಾದವಳೂ ನಾನೇ;
ಅಂಚಿಗೆ ಬಂದು, ಕಾಣದವಳಂತೆ
ಕಾಲಿಡುವ ನಾಟಕ. ನಾಚಿಕೆಯಾಯಿತು.
ಕಿಟಕಿಯಲ್ಲಿ ನನ್ನದೇ ಮುಖ
ಎರಡು ದನಿಯಲ್ಲಿ ಮಾತಾಡುತ್ತಿತ್ತು,
ಹೆಂಡದಂಗಡಿಯವನಿಗೆ ನನ್ನ ಕೆಮ್ಮನ್ನೇ
ಎರವಲು ಕೊಟ್ಟಿದ್ದೆ.

ಆಮೇಲೆ ತಿಳಿಯಿತು: ಹೇಳಬಾರದು, ಕೇಳಬೇಕು.
ಬಾಗಿಲಿಗೆ ಬೀಗ ಇದೆಯೇ? ದಾಳ ಬಿಡು.
ಕಾವಲಿನವನು ಎದ್ದಿದ್ದಾನೆಯೇ? ದಾಳ ಬಿಡು.
ನಾಲ್ಕು, ಐದು: ಹೌದು. ಮೂರು, ಎರಡು: ಇಲ್ಲ.
ಒಂದು ಬಿದ್ದರೆ ಇಲ್ಲ, ಮೇಲೊಂದು ಪೆಟ್ಟು.
ಆರು ಬಿದ್ದರೆ ಹೌದು, ಜೊತೆಗೆ ನೀನು ಕೇಳದ್ದೊಂದು.
ಆರು ಬಿತ್ತು. ಕಾವಲಿನವನು ಎದ್ದಿದ್ದ. ಅಳುತ್ತಿದ್ದ.
ಯಾಕೆಂದು ನನಗೆ ಗೊತ್ತಿರಲಿಲ್ಲ.
ಗೊತ್ತಿರಲಿಲ್ಲ!
ಕಾಫಿ ಆರಿಹೋಗುವವರೆಗೆ ಅವನ ಪಕ್ಕ ಕೂತಿದ್ದೆ.

ಪುಸ್ತಕದ ಕೊನೆಗೆ ಮಡಚಿಟ್ಟ ಹಾಳೆಯೊಂದಿತ್ತು.
ಯಾವುದೋ ಮಗುವಿನ ಪೆನ್ಸಿಲ್ ಅಕ್ಷರ:
ಬ್ರಿಕಾ. ಕಳ್ಳಿ. ಉಳಿದ ಜೀವ, ಮೂರು.
ಚೀಲದಲ್ಲಿ: ಹಗ್ಗ, ಅರ್ಧ ರೊಟ್ಟಿ,
ಯಾವ ಬಾಗಿಲಿನದೋ ಒಂದು ಬೀಗದಕೈ.
ಜೀವದ ಜಾಗದಲ್ಲಿ ಅಳಿಸಿ ಅಳಿಸಿ ಕಾಗದ
ಈರುಳ್ಳಿ ಸಿಪ್ಪೆಯಷ್ಟು ತೆಳು.
ಯಾರೋ ಊಟಕ್ಕೆ ಕರೆದಿರಬೇಕು. ಮನೆ ಬದಲಿಸಿದರೋ ಏನೋ.
ನಲವತ್ತು ವರ್ಷದಿಂದ ಅವಳು ಕತ್ತಲಲ್ಲಿ
ಮೂರು ಜೀವ ಕೈಯಲ್ಲಿ ಹಿಡಿದು ನಿಂತೇ ಇದ್ದಾಳೆ.

ನನ್ನ ಗುಹೆಗೆ ಕರೆತಂದೆ. ರೊಟ್ಟಿ ತಿನ್ನಿಸಲಿಲ್ಲ,
ಅದು ಆ ಮಗುವಿನದು.

ಇವತ್ತು ನವೆಂಬರಿನ ಕೊನೆ. ನೀರಿನ ಅಂಚು
ಗಾಜುಗಟ್ಟುತ್ತಿದೆ. ಬ್ರಿಕಾ ಬಾಗಿಲ ಮುಂದೆ.
ಆ ಬೀಗದಕೈ ಇದಕ್ಕೇನಾ? ಕೇಳಿದೆ.
ದಾಳ ಉರುಳಿ ಪಾಳಿಯ ದಫ್ತರಕ್ಕೆ ಒರಗಿ
ಓರೆಯಾಗಿ ನಿಂತಿತು.
ಹೌದೂ ಅಲ್ಲ, ಇಲ್ಲವೂ ಅಲ್ಲ.

ಉಗುರಿನಿಂದ ಒಂಚೂರು ಒತ್ತಿದರೆ ಆರು.
ಇಲ್ಲಿರುವುದು ನಾನು ಮತ್ತು ಹೀಟರು.
ಶುಕ್ರವಾರಗಳ ಆ ಮೇಜಾಗಿದ್ದರೆ
ರೋಲಿ ಮಣಿಕಟ್ಟು ಹಿಡಿದುಬಿಡುತ್ತಿದ್ದ;
ನಿಧಿ ಹಂಚುವಾಗ ತನ್ನ ಪಾಲಿಗೆ ಕಮ್ಮಿಯಾಯಿತೆಂದು
ಮಾತು ಬಿಟ್ಟವನು. ಕಾಗದದ ಮೇಲಿನ ನಾಣ್ಯಕ್ಕೆ.
ಬೆರಳು ಚಾಚಿದೆ.

ಆಗ ಕೊಲ್ಲಿಯ ಕಡೆಯಿಂದ
ಒಂದು ಉದ್ದ, ಒಂದು ಗಿಡ್ಡ.

ಊದಿದೆ. ಗೇಟು ಇಳಿಸಿದೆ. ಗುಂಡಿ ಒತ್ತಿದೆ.
ಹಳದಿ ಗೆರೆ ಸಮೇತ ರಸ್ತೆ ಎದ್ದು ನಿಂತಿತು.
ಗೂಡು ನಡುಗಿತು, ಥರ್ಮಾಸು ನಡುಗಿತು,
ಬೆನ್ನ ಹಿಂದೆ ಟಿಕ್ಕೆಂದು ಗರ ಬಿತ್ತು.

ತಿರುಗಲಿಲ್ಲ. ಉದ್ದದ ಹಡಗು,
ದೀಪದ ಹಿಂದೆ ದೀಪವಾಗಿ ದಾಟಿತು.
ಹಿಂಬದಿಯಲ್ಲಿ ಯಾರೋ ಕೈ ಎತ್ತಿದ, ನಾನೂ ಎತ್ತಿದೆ.
ರಸ್ತೆಯನ್ನು ಮಲಗಿಸಿ, ಹೊತ್ತು ಬರೆದು,
ಎರಡು ನಲವತ್ತು,
ಆಮೇಲೆ ನೋಡಿದೆ.
ಒಂದು.

ಇರಲಿ. ರಬ್ಬರು ತಗೊಂಡೆ.
ತೆಳು ಜಾಗ ಹರಿಯದ ಹಾಗೆ
ಉಸಿರು ಹಿಡಿದು ಮೂರನ್ನು ಅಳಿಸಿದೆ.
ಎಷ್ಟೆಂದು ಬರೆಯಲಿ, ಕೇಳಬೇಕು;
ದಾಳ ಮುಷ್ಟಿಯೊಳಗೆ ಬೆಚ್ಚಗಾಗುತ್ತಿದೆ.